ತುಮಕೂರಿನ ‘ಉಚಿತ ಕಿವಿ ತಪಾಸಣೆ’: ಯಾರಿಗೆ ಸಾಕು, ಯಾರಿಗೆ ಸಾಲದು

ತುಮಕೂರಿನ ಬಿ.ಎಚ್. ರಸ್ತೆ, ಅಶೋಕ ರಸ್ತೆಗಳ ಕಡೆ ಕಿವಿಯಂತ್ರ ಮಾರುವ ಮಳಿಗೆಗಳಲ್ಲಿ ಸಿಗುವ ಉಚಿತ ಶ್ರವಣ ತಪಾಸಣೆಯ ವಿಮರ್ಶೆ ಇದು. ಯಾವ ಮಳಿಗೆಯ ಹೆಸರನ್ನೂ ಹಾಕಿಲ್ಲ. ಬೋರ್ಡು ಬೇರೆಯಾದರೂ ಕ್ರಮ ಹೆಚ್ಚುಕಡಿಮೆ ಒಂದೇ: ಗಾಜಿನ ಬಾಗಿಲಿನ ಕೋಣೆ, ಮೇಜಿನ ಮೇಲೆ ಆಡಿಯೋಮೀಟರ್, ತಲೆಗೆ ಹೆಡ್‌ಫೋನ್, ಕೈಗೊಂದು ಬಟನ್. ಹತ್ತು ಹದಿನೈದು ನಿಮಿಷದಲ್ಲಿ ಗ್ರಾಫ್ ಬರುತ್ತದೆ, ಅದರ ಬೆನ್ನಿಗೇ ಯಂತ್ರದ ಬೆಲೆಪಟ್ಟಿಯೂ ಬರುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರವತ್ತು ದಾಟಿದ, ಎರಡೂ ಕಿವಿ ವರ್ಷಗಳಿಂದ ನಿಧಾನವಾಗಿ ಮಂದವಾಗಿರುವ, ‘ಮಾತಾಡೋದು ಕೇಳ್ಸುತ್ತೆ, ಏನಂತ ಅರ್ಥ ಆಗಲ್ಲ’ ಎನ್ನುವ ಹಿರಿಯರಿಗೆ ಈ ತಪಾಸಣೆ ಮೊದಲ ಹೆಜ್ಜೆಯಾಗಿ ನಡೆಯುತ್ತದೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಸದ್ದಿನ ನಡುವೆ ದುಡಿಯುವವರಿಗೂ ಅಷ್ಟೇ. ಇವರ ನಷ್ಟ ಶುರುವಾಗುವುದು 4000 ಹರ್ಟ್ಸ್ ಸುತ್ತಮುತ್ತ, ಮೇಲಿನ ಸ್ವರಗಳಲ್ಲಿ. ಅದನ್ನು ಹಿಡಿಯಲು ಈ ಏರ್ಪಾಡು ಸಾಕು. ಆದರೆ ಒಂದೇ ಕಿವಿ ಒಮ್ಮೆ ಕಟ್ಟಿಕೊಂಡಂತಾಗಿ ಮತ್ತೊಮ್ಮೆ ಬಿಟ್ಟುಕೊಳ್ಳುತ್ತಿದ್ದರೆ, ಜೊತೆಗೆ ಗುಂಯ್ ಎನ್ನುವ ಸದ್ದು, ಮನೆಯೇ ತಿರುಗಿದಂಥ ತಲೆಸುತ್ತು ಇದ್ದರೆ, ಅಂಥವರು ಇಲ್ಲಿಗೆ ಹೋಗಬಾರದು. ಅವರ ತೊಂದರೆ ಇರುವುದು ಒಳಕಿವಿಯ ದ್ರವದಲ್ಲಿ. ಅದು ಮೊದಲು ಮುಟ್ಟುವುದು ಕೆಳಗಿನ ಸ್ವರಗಳನ್ನು, 250 ಮತ್ತು 500 ಹರ್ಟ್ಸನ್ನು. ಉಚಿತ ತಪಾಸಣೆ ಎಡವುವುದು ಸರಿಯಾಗಿ ಅಲ್ಲೇ.

ಯಾಕೆ ಕೆಳಗಿನ ಸ್ವರಗಳು ಅಂದರೆ, ಒಳಕಿವಿಯ ಕೆಲಸವನ್ನು ಸ್ವಲ್ಪ ನೋಡಬೇಕು. ಶಂಖದಾಕಾರದ ಕಾಕ್ಲಿಯಾದೊಳಗೆ ಎರಡು ಬಗೆಯ ದ್ರವಗಳಿವೆ. ಪೆರಿಲಿಂಫ್ ಎಂಬುದು ದೇಹದ ಉಳಿದ ಕಡೆ ಕೋಶಗಳ ಹೊರಗಿರುವ ದ್ರವದ ಹಾಗೆಯೇ: ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ, ನಾಲ್ಕೈದು ಮಿಲಿಮೋಲ್ ಪೊಟ್ಯಾಸಿಯಂ. ನಡುವಿನ ಕೊಳವೆಯಲ್ಲಿರುವ ಎಂಡೋಲಿಂಫ್‌ನಲ್ಲಿ ಲೆಕ್ಕ ತಿರುಗುಮುರುಗು. ಪೊಟ್ಯಾಸಿಯಂ 150ರ ಆಸುಪಾಸು, ಸೋಡಿಯಂ ಒಂದೆರಡು ಮಾತ್ರ. ಮೇಲಾಗಿ ಆ ದ್ರವ ಸುಮಾರು 80 ಮಿಲಿವೋಲ್ಟ್ ಧನ ವಿದ್ಯುತ್ತಿನಲ್ಲಿ ನಿಂತಿರುತ್ತದೆ. ಕಾಕ್ಲಿಯಾದ ಸಂಶೋಧನೆಗೆ 1961ರ ನೊಬೆಲ್ ಪಡೆದ ಗೆಯಾರ್ಗ್ ಫಾನ್ ಬೆಕೆಸಿ ಈ ವೋಲ್ಟೇಜನ್ನು ಅಳೆದು ತೋರಿಸಿದವರು.

ಈ ಪೊಟ್ಯಾಸಿಯಂ ತಾನಾಗಿ ಅಲ್ಲಿ ನಿಲ್ಲುವುದಿಲ್ಲ. ಕೊಳವೆಯ ಹೊರಗೋಡೆಯಲ್ಲಿ ಸ್ಟ್ರಿಯಾ ವ್ಯಾಸ್ಕುಲಾರಿಸ್ ಎಂಬ ರಕ್ತನಾಳ ತುಂಬಿದ ಪಟ್ಟಿ ಇದೆ. ಅದು ಹಗಲಿರುಳು ಪಂಪ್ ಮಾಡುತ್ತಲೇ ಇರಬೇಕು. ಮೋಟರ್ ಹಾಕಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿಟ್ಟರೆ ಕೆಳಗೆ ನಲ್ಲಿ ತಿರುಗಿಸಿದೊಡನೆ ನೀರು ತಾನಾಗಿ ಇಳಿಯುತ್ತದಲ್ಲ, ಹಾಗೆ. ಸದ್ದು ಬಂದಾಗ ಅದನ್ನು ಗ್ರಹಿಸುವ ರೋಮಕೋಶಗಳ ತುದಿ ಬಾಗುತ್ತದೆ, ಸಣ್ಣ ಬಾಗಿಲುಗಳು ತೆರೆಯುತ್ತವೆ, ಪೊಟ್ಯಾಸಿಯಂ ಒಳನುಗ್ಗುತ್ತದೆ. ರೋಮಕೋಶದ ಒಳಗಿನ ಋಣ ವೋಲ್ಟೇಜನ್ನೂ ಕೂಡಿಸಿದರೆ ತಳ್ಳುವ ಒತ್ತಡ 120ರಿಂದ 150 ಮಿಲಿವೋಲ್ಟ್. ಆ ಒತ್ತಡ ಕುಸಿದರೆ ರೋಮಕೋಶ ಸರಿಯಿದ್ದೂ ಕಿವಿ ಕೇಳದು. ಮೂತ್ರ ಹೆಚ್ಚಿಸುವ ಫ್ರುಸಮೈಡ್ ಇಂಜೆಕ್ಷನ್ನನ್ನು ದೊಡ್ಡ ಪ್ರಮಾಣದಲ್ಲಿ ಗಬಕ್ಕನೆ ಕೊಟ್ಟಾಗ ಕೆಲವರಿಗೆ ಕಿವಿ ಮಂಕಾಗುವುದು ಇದರಿಂದಲೇ. ಮೂತ್ರಪಿಂಡದಲ್ಲಿ ಉಪ್ಪು ಸಾಗಿಸುವ ಪಂಪಿನ ಒಡಹುಟ್ಟಿದ ಪಂಪ್ ಒಳಕಿವಿಯಲ್ಲೂ ಇದೆ, ಔಷಧಿ ಎರಡನ್ನೂ ತಡೆಯುತ್ತದೆ. ಹಾಗಾಗಿ ದೊಡ್ಡ ಡೋಸನ್ನು ನಿಮಿಷಕ್ಕೆ 4 ಮಿಲಿಗ್ರಾಂ ಮೀರದಂತೆ ನಿಧಾನವಾಗಿ ಏರಿಸುತ್ತಾರೆ. ಸಾಮಾನ್ಯವಾಗಿ ಈ ಮಂಕು ತಾನೇ ಇಳಿಯುತ್ತದೆ. ಜೊತೆಗೆ ಜೆಂಟಾಮೈಸಿನ್ ಅಥವಾ ಅಮಿಕಾಸಿನ್‌ನಂಥ ಆಂಟಿಬಯಾಟಿಕ್ ನಡೆಯುತ್ತಿದ್ದರೆ ಮಾತ್ರ ರೋಮಕೋಶಗಳೇ ಸತ್ತು ನಷ್ಟ ಶಾಶ್ವತವಾಗಬಹುದು.

ಇನ್ನು ಎಂಡೋಲಿಂಫ್ ಹೆಚ್ಚಾಗಿ ಕೊಳವೆ ಉಬ್ಬುವುದು, ಅಂದರೆ ಹೈಡ್ರಾಪ್ಸ್. ಸುತ್ತು, ಗುಂಯ್‌ಗುಡುವಿಕೆ, ಕಿವುಡು ಮೂರೂ ಒಳಕಿವಿಯಿಂದಲೇ ಬರಬಹುದೆಂದು ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೆರ್ ಹೇಳಿದ್ದು 1861ರಲ್ಲಿ. ಉಬ್ಬಿದ ಕೊಳವೆಯನ್ನು ಮೃತರ ಕಿವಿಯಲ್ಲಿ ಲಂಡನ್ನಿನ ಮತ್ತು ಜಪಾನಿನ ವೈದ್ಯರು ಬೇರೆ ಬೇರೆಯಾಗಿ ಕಂಡದ್ದು 1938ರಲ್ಲಿ. ಉಬ್ಬು ಹೆಚ್ಚಾಗಿ ಕಾಣುವುದು ಶಂಖದ ತುದಿಯಲ್ಲಿ. ಕೆಳಗಿನ ಸ್ವರಗಳನ್ನು ಓದುವ ಜಾಗವೂ ಅದೇ. ಆದ್ದರಿಂದ ಈ ಉಬ್ಬಿನ ಜೊತೆ ಬರುವ ಮೆನಿಯೆರ್ ಕಾಯಿಲೆಯ ಆರಂಭದಲ್ಲಿ ಗ್ರಾಫಿನ ಎಡಬದಿ, ಅಂದರೆ ಕೆಳಸ್ವರ, ಕುಸಿದು ಮೇಲಿನ ಸ್ವರಗಳ ಬಲಬದಿ ನೆಟ್ಟಗಿರುತ್ತದೆ. ವಯಸ್ಸಿನ ಕಿವುಡಿನಲ್ಲಿ ಇದರ ಉಲ್ಟಾ.

ಈಗ ಮಳಿಗೆಯ ಕೋಣೆಗೆ ಬರೋಣ. ಬಸ್ಸಿನ ಇಂಜಿನ್, ಜನರೇಟರ್, ಮೇಲೆ ತಿರುಗುವ ಫ್ಯಾನ್, ಪಕ್ಕದ ಅಂಗಡಿಯ ಫ್ರಿಜ್: ಇವೆಲ್ಲ ಕೆಳಸ್ವರದ ಸದ್ದುಗಳು. ಮಾಮೂಲಿ ಆಡಿಯೋಮೀಟರ್ ಹೆಡ್‌ಫೋನಿನ ರಬ್ಬರ್ ಮೆತ್ತೆ 4000 ಹರ್ಟ್ಸ್‌ನಲ್ಲಿ ಹೊರಗಿನ ಸದ್ದನ್ನು 30 ಡೆಸಿಬಲ್‌ನಷ್ಟು ತಡೆದರೆ, 250ರಲ್ಲಿ ತಡೆಯುವುದು ನಾಲ್ಕೈದು ಡೆಸಿಬಲ್ ಮಾತ್ರ. ಅಂದರೆ ರಸ್ತೆಯ ಗುಡುಗು ನೇರ ಕಿವಿಯೊಳಕ್ಕೇ ಬರುತ್ತದೆ. ಪರಿಣಾಮ ಏನು? ಕಿವಿ ಸರಿ ಇರುವವರಿಗೂ 250ರಲ್ಲಿ 30, 35 ಡೆಸಿಬಲ್ ಎಂದು ಬರುತ್ತದೆ (ಅಂಕ ಹೆಚ್ಚಿದಷ್ಟೂ ಕಿವಿ ಮಂದ). ಬಂದವರಿಗೆಲ್ಲ ಹೀಗೇ ಬರುವುದನ್ನು ನೋಡಿ ನೋಡಿ ತಪಾಸಣೆ ಮಾಡುವ ಹುಡುಗ ಅದಕ್ಕೆ ಒಗ್ಗಿಹೋಗುತ್ತಾನೆ. ಅಲ್ಲಿಂದ ಎರಡೇ ದಾರಿ. ಒಂದೋ 250ನ್ನು ಕೈಬಿಟ್ಟು 500ರಿಂದ ಶುರುಮಾಡುತ್ತಾನೆ, ಇಲ್ಲವೇ ‘ಅದು ರೋಡಿನ ಸದ್ದು, ಬಿಡಿ ಸಾರ್’ ಎನ್ನುತ್ತಾನೆ. ನೂರು ಜನರ ವಿಷಯದಲ್ಲಿ ಅವನ ಮಾತು ನಿಜ. ದ್ರವ ತುಂಬಿದ ಕಿವಿಯವನು ಬಂದ ದಿನ ಮಾತ್ರ ಅದೇ ಅಭ್ಯಾಸ ಕಾಯಿಲೆಯನ್ನು ಮುಚ್ಚಿಹಾಕುತ್ತದೆ. ಹೊರಸದ್ದು ತಡೆಯುವ ಬೂತ್ ಇದೆ ಎಂದು ಬೋರ್ಡಿನಲ್ಲಿ ಬರೆದಿದ್ದರೂ ಬಾಗಿಲ ಸುತ್ತಿನ ರಬ್ಬರ್ ಪಟ್ಟಿಯನ್ನು ಒಮ್ಮೆ ನೋಡಿ. ಅದು ಹರಿದಿದ್ದರೆ ಅಥವಾ ಸೆಕೆಗೆಂದು ಬಾಗಿಲು ಅರ್ಧ ತೆರೆದಿಟ್ಟಿದ್ದರೆ ಬೂತ್ ಇದ್ದೂ ಇಲ್ಲದಂತೆ.

ಇಂಥ ಕಡೆ ಕೊಡುವ ಹಾಳೆಯನ್ನು ಹತ್ತಿರದಿಂದ ನೋಡೋಣ. ಬಲಕಿವಿಗೆ ಕೆಂಪು ಸೊನ್ನೆ, ಎಡಕಿವಿಗೆ ನೀಲಿ ಗುಣಕ ಚಿಹ್ನೆ. ಬಲಕಿವಿಯ ಅಂಕಗಳು 250ರಲ್ಲಿ 50, 500ರಲ್ಲಿ 40, 1000ದಲ್ಲಿ 25, 2000 ಮತ್ತು 4000ದಲ್ಲಿ 15 ಎಂದಿಟ್ಟುಕೊಳ್ಳಿ. ಎಡಕಿವಿ ಉದ್ದಕ್ಕೂ 10. ಹಾಳೆಯ ಕೆಳಗೆ ದಪ್ಪಕ್ಷರದಲ್ಲಿ ಸರಾಸರಿ ಇರುತ್ತದೆ. 500, 1000, 2000, 4000 ನಾಲ್ಕನ್ನೂ ಕೂಡಿ ಭಾಗಿಸಿದರೆ ಬಲಕಿವಿಗೆ 24 ಡೆಸಿಬಲ್. 25ರವರೆಗೆ ನಾರ್ಮಲ್ ಎನ್ನುವ ಹಳೆಯ ಪಟ್ಟಿ ಇನ್ನೂ ಬಳಕೆಯಲ್ಲಿದೆ, ಆದ್ದರಿಂದ ‘ಎರಡೂ ಕಿವಿ ನಾರ್ಮಲ್’ ಎಂಬ ಷರಾ. ಅತಿ ಹೆಚ್ಚು ಕುಸಿದ 250 ಆ ಸರಾಸರಿಯ ಲೆಕ್ಕಕ್ಕೇ ಬಂದಿಲ್ಲ. ಆದರೆ ಅದೇ ಹಾಳೆಯನ್ನು ಬಲ್ಲವರು ಓದಿದರೆ, 2000ಕ್ಕಿಂತ ಕೆಳಗಿನ ಅಕ್ಕಪಕ್ಕದ ಎರಡು ಸ್ವರಗಳಲ್ಲಿ ಒಂದು ಕಿವಿ ಇನ್ನೊಂದಕ್ಕಿಂತ 30 ಡೆಸಿಬಲ್ ಅಥವಾ ಹೆಚ್ಚು ಮಂದವಾಗಿದೆ. ಮೆನಿಯೆರ್ ನಿರ್ಣಯಕ್ಕೆ 2015ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಮಾನದಂಡ ಕೇಳುವ ಶ್ರವಣನಷ್ಟ ಇದೇ. ಅದರ ಜೊತೆ 20 ನಿಮಿಷದಿಂದ 12 ಗಂಟೆವರೆಗಿನ ಸುತ್ತು ಕನಿಷ್ಠ ಎರಡು ಸಲ ಬಂದಿರಬೇಕು, ಕಿವಿಯ ಲಕ್ಷಣಗಳು ಏರಿಳಿಯುತ್ತಿರಬೇಕು, ಬೇರೆ ಕಾರಣ ಇರಬಾರದು. ಗ್ರಾಫನ್ನೇ ನಾರ್ಮಲ್ ಎಂದುಬಿಟ್ಟರೆ ಉಳಿದದ್ದನ್ನು ಕೇಳುವವರು ಯಾರು?

ಮೂಳೆ ಮೂಲಕದ ಪರೀಕ್ಷೆ ಉಚಿತ ಸೇವೆಯಲ್ಲಿ ಬಹಳ ಸಲ ಇರುವುದೇ ಇಲ್ಲ. ಕಿವಿಯ ಹಿಂದಿನ ಮೂಳೆಗೆ ಸಣ್ಣ ಕಂಪಕ ಇಟ್ಟು ಮಾಡುವ ಪರೀಕ್ಷೆ ಇದು. ಹೆಡ್‌ಫೋನಿನಲ್ಲಿ ಮಂದ, ಮೂಳೆಯಲ್ಲಿ ಸರಿ ಎಂದರೆ ತೊಂದರೆ ಹೊರಗಿವಿ ಅಥವಾ ನಡುಕಿವಿಯಲ್ಲಿ: ಗುಗ್ಗೆ, ಸೋರುವಿಕೆ, ತೂತಾದ ತಮಟೆ. ಎರಡರಲ್ಲೂ ಅಷ್ಟೇ ಮಂದ ಎಂದರೆ ಒಳಕಿವಿ. ಇದಿಲ್ಲದ ಆಡಿಯೋಗ್ರಾಂ (ಶ್ರವಣದ ಗ್ರಾಫ್) ಅರ್ಧ ಆಡಿಯೋಗ್ರಾಂ. ಗುಗ್ಗೆ ಕೂತಿದ್ದರೂ, ಎಂಡೋಲಿಂಫ್ ಉಬ್ಬಿದ್ದರೂ ಬರಿಯ ಕೆಂಪು ಸೊನ್ನೆಗಳು ಒಂದೇ ಥರ ಕಾಣುತ್ತವೆ.

ಇಟ್ಟರೂ ಇಲ್ಲಿ ಒಂದು ಮೋಸವಿದೆ. 250 ಹರ್ಟ್ಸ್‌ನಲ್ಲಿ ಕಂಪಕವನ್ನು 25 ಡೆಸಿಬಲ್‌ಗಿಂತ ಮೇಲೇರಿಸಿದರೆ ಸದ್ದು ಕೇಳಿಸದಿದ್ದರೂ ಚರ್ಮಕ್ಕೆ ಅದುರು ತಟ್ಟುತ್ತದೆ. ಕೂತವರು ಬಟನ್ ಒತ್ತಿಬಿಡುತ್ತಾರೆ. ಆಗ ಇಲ್ಲದ ನಡುಕಿವಿ ದೋಷ ಗ್ರಾಫಿನಲ್ಲಿ ಹುಟ್ಟುತ್ತದೆ. ‘ಕೇಳಿಸಿದ್ರೆ ಮಾತ್ರ ಒತ್ತಿ, ಅದುರಿದ್ರೆ ಬೇಡ’ ಎಂದು ಮೊದಲೇ ಹೇಳುವವರು ಕೆಲಸ ಬಲ್ಲವರು. ಎರಡನೆಯದು ಮಾಸ್ಕಿಂಗ್. ಮೂಳೆಗೆ ಕೊಟ್ಟ ಸದ್ದು ಎರಡೂ ಕಿವಿಗೆ ಸಮನಾಗಿ ಹೋಗುತ್ತದೆ. ಹೆಡ್‌ಫೋನಿನ ಸದ್ದೂ 40 ಡೆಸಿಬಲ್ ದಾಟಿದ ಮೇಲೆ ಆಚೆ ಕಿವಿಗೆ ಸೋರಬಹುದು. ಮೇಲಿನ ಉದಾಹರಣೆಯಲ್ಲಿ ಬಲಕಿವಿಗೆ 50, ಎಡಕಿವಿಗೆ 10, ಅಂದರೆ ಸೋರಿಕೆಯ ಗಡಿಯಲ್ಲೇ ಇದೆ. ಎಡಕಿವಿಗೆ ಸೊಯ್ಯೆನ್ನುವ ಸದ್ದು ಕೊಟ್ಟು ಅದನ್ನು ‘ಕಟ್ಟಿಹಾಕದೆ’ ಬಲಕಿವಿಯ ನಿಜ ತಿಳಿಯದು. ಮಾಸ್ಕ್ ಮಾಡಿದ ಮೂಳೆ ಅಂಕಗಳನ್ನು ಚೌಕ ಕಂಸದ ಗುರುತಿನಲ್ಲಿ ಹಾಕುತ್ತಾರೆ. ಒಂದೇ ಕಿವಿ ಮಂದವಾಗಿರುವವರ ಹಾಳೆಯಲ್ಲಿ ಆ ಗುರುತು ಒಂದೂ ಇಲ್ಲದಿದ್ದರೆ ಹಾಳೆಯನ್ನು ನಂಬಬೇಡಿ.

ಟಿಂಪನೋಮೆಟ್ರಿ, ಅಂದರೆ ಕಿವಿಗೆ ಬಿರಡೆ ಇಟ್ಟು ಗಾಳಿಯ ಒತ್ತಡ ಬದಲಿಸಿ ತಮಟೆಯ ಓಡಾಟ ನೋಡುವ ಪರೀಕ್ಷೆ, ಎರಡು ನಿಮಿಷದ ಕೆಲಸ. ಇದೂ ಉಚಿತದಲ್ಲಿ ಅಪರೂಪ. ಮಕ್ಕಳ ವಿಷಯದಲ್ಲಿ ಇದು ಬಿಟ್ಟುಹೋದರೆ ಕಷ್ಟ. ಹೆಡ್‌ಫೋನಿನ ಅಂಕಕ್ಕೂ ಮೂಳೆಯ ಅಂಕಕ್ಕೂ ಕೆಳಸ್ವರದಲ್ಲಿ ಅಂತರ ಇದೆ, ಆದರೆ ಟಿಂಪನೋಗ್ರಾಂ ಪೂರ್ತಿ ಸರಿಯಿದೆ ಎಂಬ ಜೋಡಿ ಕಂಡರೆ ಒಳಕಿವಿಯ ಎಂಡೋಲಿಂಫ್ ಸಾಗುವ ನಾಳವೇ ಹುಟ್ಟಿನಿಂದ ಅಗಲವಾಗಿರಬಹುದು, ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಅಂಥ ಮಕ್ಕಳಿಗೆ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಶ್ರವಣ ದಿಢೀರನೆ ಕುಸಿಯಬಹುದು, ಕಬಡ್ಡಿ ಬೇಡ ಎಂದು ಹೇಳಬೇಕಾದ ಮಗು ಅದು. ‘ಕಿವಿಯಲ್ಲಿ ಸ್ವಲ್ಪ ನೀರಿದೆ, ಯಂತ್ರ ಹಾಕಿದ್ರೆ ಆಯ್ತು’ ಎಂದು ಕಳಿಸುವುದು ಸಲ್ಲದು.

ಯಂತ್ರದ ಮಾತು. ಹದಿನೈದು ಸಾವಿರದಿಂದ ಲಕ್ಷ ದಾಟುವವರೆಗೆ ತೋರಿಸುತ್ತಾರೆ. ಕೆಳಸ್ವರದಲ್ಲಿ ಕುಸಿದು ಮೇಲಿನ ಸ್ವರಗಳ ಕಡೆಗೆ ಏರುವ ಗ್ರಾಫಿನವರಿಗೆ ದುಬಾರಿಯದು ಉತ್ತಮ ಎಂಬ ಲೆಕ್ಕ ನಡೆಯುವುದಿಲ್ಲ. ಮಳಿಗೆಯಲ್ಲಿ ತಟ್ಟನೆ ಹಾಕಿ ತೋರಿಸುವುದು ಕಿವಿಯೊಳಗೆ ಕೂರುವ ತೂತು ತೂತಿನ ಸಿಲಿಕಾನ್ ಟೋಪಿ, ಓಪನ್ ಡೋಮ್. ಹಾಕಿಕೊಂಡರೆ ಹಗುರ, ಕಿವಿ ಕಟ್ಟಿದಂತಾಗದು, ಹಾಗಾಗಿ ಗಿರಾಕಿ ಬೇಗ ಒಪ್ಪುತ್ತಾರೆ. ಮೇಲಿನ ಸ್ವರ ಹೋದವರಿಗೆ ಅದೇ ಸರಿ. ಕೆಳಗಿನ ಸ್ವರ ಹೋದವರಿಗೆ ಯಂತ್ರ ಹಿಗ್ಗಿಸಿದ 250, 500ರ ಸದ್ದೆಲ್ಲ ಆ ತೂತುಗಳಿಂದಲೇ ಹೊರಗೆ ಸೋರಿಹೋಗುತ್ತದೆ. ಕಂಪ್ಯೂಟರಿನ ಪರದೆ ಮೇಲೆ ಗೆರೆ ಏರಿರುತ್ತದೆ, ಕಿವಿಯಲ್ಲಿ ಏನೂ ಏರಿರುವುದಿಲ್ಲ. ಅಚ್ಚು ತೆಗೆದು ಮಾಡಿದ ಮೋಲ್ಡ್, ಅದರಲ್ಲಿ ಸಣ್ಣ ಗಾಳಿರಂಧ್ರ, ಇದು ಬೇಕು. ಜೊತೆಗೆ ಇಂಥ ಕಿವಿಗಳಿಗೆ ಸಣ್ಣ ಸದ್ದು ಕೇಳದು, ದೊಡ್ಡ ಸದ್ದು ಮಾತ್ರ ಸಹಜಕ್ಕಿಂತ ಬೇಗ ಚುಚ್ಚುತ್ತದೆ. ಆದ್ದರಿಂದ ಅಸಹನೆಯ ಮಟ್ಟವನ್ನು ಅಳೆದು ಯಂತ್ರದ ಗರಿಷ್ಠ ಸದ್ದಿಗೆ ಕಡಿವಾಣ ಹಾಕಬೇಕು. ಶ್ರವಣವೇ ಏರಿಳಿಯುವ ಕಾಯಿಲೆಯಾದ್ದರಿಂದ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಪ್ರೋಗ್ರಾಂ ಹಾಕಿಕೊಡಲು ಕೇಳಿ. ಮಧ್ಯಮ ಬೆಲೆಯ ಯಂತ್ರದಲ್ಲೂ ಅದು ಆಗುತ್ತದೆ. ಒಂದೇ ದಿನದ ಗ್ರಾಫ್ ನೋಡಿ, ಅದೂ ಸುತ್ತು ಬಂದ ಮರುದಿನವೇ, ಯಂತ್ರ ಹೊಂದಿಸಿಕೊಳ್ಳುವುದಂತೂ ಬೇಡವೇ ಬೇಡ.

ಕೆಲವು ಕಡೆ ಗ್ರಾಫಿನ ಜೊತೆ ಪಥ್ಯದ ಚೀಟಿಯೂ ಸಿಗುತ್ತದೆ: ‘ಉಪ್ಪು ಬಿಡಿ, ಲೋ ಸೋಡಿಯಂ ಉಪ್ಪು ಬಳಸಿ.’ ಅರ್ಧ ಸರಿ. ಎಂಡೋಲಿಂಫ್ ಉಬ್ಬಿದವರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಗ್ರಾಂ ಸೋಡಿಯಂ ಮೀರಬೇಡಿ ಎನ್ನುವುದು ವೈದ್ಯರ ರೂಢಿಯ ಸಲಹೆ; ಎರಡು ಗ್ರಾಂ ಸೋಡಿಯಂ ಎಂದರೆ ಒಂದು ಟೀ ಚಮಚ, ಸುಮಾರು 5 ಗ್ರಾಂ ಉಪ್ಪು. ಇದರಿಂದ ಸುತ್ತು ನಿಲ್ಲುತ್ತದೆಂದು ತೋರಿಸುವ ಗಟ್ಟಿ ಪ್ರಯೋಗಗಳಿಲ್ಲ, ಆದರೂ ಬಿ.ಪಿ.ಗೆ ಒಳ್ಳೆಯದೇ, ಮಾಡಿದರೆ ನಷ್ಟವಿಲ್ಲ. ಚೀಟಿಯಲ್ಲಿ ಬಿಟ್ಟುಹೋಗುವುದು ಉಪ್ಪೆಂದು ಕಾಣದ ಸೋಡಿಯಂ. ಹಪ್ಪಳಕ್ಕೆ ಹಾಕುವ ಕ್ಷಾರ, ಬೋಂಡಾದ ಅಡುಗೆ ಸೋಡಾ ಎರಡೂ ಸೋಡಿಯಂ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಿ, ಚಟ್ನಿ ಎರಡನೇ ಸಲ ಹಾಕಿಸಿಕೊಳ್ಳಬೇಡಿ. ದಿನವಿಡೀ ಬಿಟ್ಟು ರಾತ್ರಿ ಊಟಕ್ಕೆ ಉಪ್ಪಿನಕಾಯಿ ಬಡಿಸಿಕೊಳ್ಳುವುದಕ್ಕಿಂತ ದಿನವೂ ಒಂದೇ ಅಳತೆಯಲ್ಲಿ ಇರುವುದು ಲೇಸು.

ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ‘ಒಳಕಿವಿಗೆ ಪೊಟ್ಯಾಸಿಯಂ ಬೇಕಲ್ಲ, ಒಳ್ಳೆಯದೇ ಆಯಿತು’ ಎಂದು ಮಾರುವವರೂ ಇದ್ದಾರೆ. ಇದು ಶುದ್ಧ ತಪ್ಪು. ರಕ್ತದ ಪೊಟ್ಯಾಸಿಯಂ 3.5ರಿಂದ 5ರ ನಡುವೆ ಬಿಗಿಯಾಗಿ ನಿಂತಿರುತ್ತದೆ. ಕಿವಿಯ 150ನ್ನು ಕಟ್ಟುವುದು ಸ್ಟ್ರಿಯಾದ ಪಂಪೇ ಹೊರತು ತಟ್ಟೆಯಲ್ಲಿನ ಉಪ್ಪಲ್ಲ. ಮೂತ್ರಪಿಂಡ ದುರ್ಬಲವಾದವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಬಿ.ಪಿ., ಹೃದಯದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಆ ಉಪ್ಪನ್ನು ಮುಟ್ಟಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. ಇನ್ನು ಬೀಟಾಹಿಸ್ಟಿನ್ ಮಾತ್ರೆ, ‘ಸುತ್ತಿನ ಮಾತ್ರೆ’ ಎಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವವರು ಬೇಕಾದಷ್ಟು. 2016ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಒಂಬತ್ತು ತಿಂಗಳು ಕೊಟ್ಟು ನೋಡಿದರೂ ಹುಸಿಮಾತ್ರೆಗಿಂತ ಅದು ಹೆಚ್ಚಿನ ಫಲ ಕೊಡಲಿಲ್ಲ. ವೈದ್ಯರು ಬರೆದರೆ ತೆಗೆದುಕೊಳ್ಳಿ, ಮಾತ್ರೆ ಇದೆಯಲ್ಲ ಎಂದು ಆಡಿಯೋಗ್ರಾಂ ಮುಂದೂಡಬೇಡಿ.

ಹಾಗಾದರೆ ಎಲ್ಲಿಗೆ ಹೋಗುವುದು? ಆಡಿಯೋಮೆಟ್ರಿ ಕೋಣೆ ಇರುವ ಇಎನ್‌ಟಿ ವಿಭಾಗಕ್ಕೆ, ಅದು ಸರ್ಕಾರಿಯಾಗಲಿ, ಮೆಡಿಕಲ್ ಕಾಲೇಜಿನದಾಗಲಿ. ಇಲ್ಲವೇ ಆಡಿಯಾಲಜಿಸ್ಟ್ ಕೂರುವ ಖಾಸಗಿ ಇಎನ್‌ಟಿ ಕ್ಲಿನಿಕ್ಕಿಗೆ. ಸಾಲಿನಲ್ಲಿ ಅರ್ಧ ದಿನ ಹೋಗುತ್ತದೆ, ಪಾವಗಡ, ಶಿರಾ ಕಡೆಯಿಂದ ಬರುವವರಿಗೆ ಇಡೀ ದಿನ. ಆದರೆ ಮೊದಲು ಕಿವಿಯೊಳಗೆ ನೋಡಿ ಗುಗ್ಗೆ ತೆಗೆಯುತ್ತಾರೆ, ಆಮೇಲೆ ಪರೀಕ್ಷೆ. ಮಳಿಗೆಯಲ್ಲಿ ಈ ಕ್ರಮ ಬಹಳ ಸಲ ತಪ್ಪುತ್ತದೆ. ಪರೀಕ್ಷೆ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ವರದಿಯಲ್ಲಿ ಸಹಿಯ ಕೆಳಗೆ ಅದು ಕಾಣಬೇಕು. ಆಡಿಯೋಮೀಟರಿನ ಮೇಲೆ ಕ್ಯಾಲಿಬ್ರೇಷನ್ ಚೀಟಿ ಒಂದು ವರ್ಷದೊಳಗಿನದಿರಬೇಕು. ತುಮಕೂರಿನಲ್ಲಿ ಉತ್ತರ ಸಿಗದ ತೊಡಕಿನ ಪ್ರಕರಣಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಒಂದು ಸಂದರ್ಭದಲ್ಲಿ ಇದ್ಯಾವುದಕ್ಕೂ ಕಾಯುವಂತಿಲ್ಲ. ನಿನ್ನೆ ಸರಿಯಿದ್ದ ಕಿವಿ ಇವತ್ತು ಬೆಳಿಗ್ಗೆ ಎದ್ದಾಗ ಮುಚ್ಚಿದಂತಿದ್ದರೆ ‘ಹ್ಮ್’ ಎಂದು ಬಾಯಿ ಮುಚ್ಚಿ ಗುನುಗಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಹೆಚ್ಚಾಗಿ ಅದು ಗುಗ್ಗೆಯೋ ನೆಗಡಿಯೋ. ಸರಿಯಿರುವ ಕಿವಿಯ ಕಡೆಗೆ ಜರುಗಿದರೆ ಒಳಕಿವಿಯೆಂದು ತಿಳಿದು ಅವತ್ತೇ ಇಎನ್‌ಟಿ ವೈದ್ಯರನ್ನು ಕಾಣಿ. ಮೂರು ದಿನದೊಳಗೆ, ಅಕ್ಕಪಕ್ಕದ ಮೂರು ಸ್ವರಗಳಲ್ಲಿ 30 ಡೆಸಿಬಲ್ ಕುಸಿದರೆ ಅದು ದಿಢೀರ್ ಕಿವುಡು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಆಗ ಮಾತ್ರೆಯ ಬದಲು ತಮಟೆಯ ಮೂಲಕ ನಡುಕಿವಿಗೆ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ‘ಶನಿವಾರ ನಮ್ಮಲ್ಲಿ ಉಚಿತ ಕ್ಯಾಂಪ್ ಇದೆ, ಅವತ್ತು ಬನ್ನಿ’ ಎಂಬ ಮಾತಿಗೆ ಒಪ್ಪಿ ಕೂರಬೇಡಿ.

ಉಚಿತ ತಪಾಸಣೆಗೆ ಹೋಗಲೇಬೇಕಾಗಿ ಬಂದರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ, ರಸ್ತೆ ಅಷ್ಟು ಗದ್ದಲವಿರುವುದಿಲ್ಲ. ಫ್ಯಾನ್ ಆರಿಸಲು ಹೇಳಿ. 250ನ್ನೂ ಸೇರಿಸಿ, ಮೂಳೆಯದನ್ನೂ ಮಾಡಿ ಎಂದು ಕೇಳಿ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡುವುದು ನ್ಯಾಯವೇ. ಅಂಕಗಳ ಹಾಳೆಯನ್ನು ಬಿಟ್ಟು ಬರಬೇಡಿ. ಬರಿಯ ‘ನಾರ್ಮಲ್’ ಷರಾ ಮುಂದಿನ ವೈದ್ಯರಿಗೆ ಪ್ರಯೋಜನಕ್ಕಿಲ್ಲ, ಏರಿಳಿತ ಗೊತ್ತಾಗುವುದು ಹಳೆಯ ಗ್ರಾಫನ್ನು ಹೊಸದರ ಪಕ್ಕ ಇಟ್ಟಾಗಲೇ. ಕೆಲವರು ಬಸ್ ಟಿಕೆಟ್ಟಿನಂಥ ಥರ್ಮಲ್ ಕಾಗದದಲ್ಲಿ ಮುದ್ರಿಸಿ ಕೊಡುತ್ತಾರೆ, ಅದು ಕೆಲವು ತಿಂಗಳಲ್ಲೇ ಮಾಸುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ, ಮೇಲೆ ತಾರೀಕು ಹಾಗೂ ಕೊನೆಯ ಸಲ ಸುತ್ತು ಬಂದದ್ದು ಯಾವಾಗ ಎಂದು ಪೆನ್ನಿನಲ್ಲಿ ಬರೆದಿಡಿ.